ಅಜ್ಜಿಯ ಪಾಳಿ ಮತ್ತು ಡಬಲ್ ಬಾಂಡ್

ಈಶ್ವರಿ ಅಜ್ಜಿಗೆ ಮೂವರು ಗಂಡುಮಕ್ಕಳು, ಮೂರು ಮನೆ. ಒಂದು ತಿಂಗಳು ದರ್ಬೆ, ಒಂದು ತಿಂಗಳು ಆಲಂಕಾರು, ಇನ್ನೊಂದು ಇಚಿಲಂಪಾಡಿ. ಈ ಪಾಳಿಯನ್ನು ನೋಡಿಕೊಂಡೇ ಬೆಳೆದ ದರ್ಬೆಯ ಮೊಮ್ಮಗಳು ತನ್ಮಯೀ, ಪಿಯುಸಿ ಕೆಮಿಸ್ಟ್ರಿ ಟೆಸ್ಟಿನಲ್ಲಿ, ‘ಕಾರ್ಬೊನೇಟಿನ ಡಬಲ್ ಬಾಂಡ್ ಮೂರು ಆಕ್ಸಿಜನ್‌ಗಳ ಹತ್ತಿರ ಪಾಳಿಯಲ್ಲಿ ಇರುತ್ತದೆ’ ಎಂದು ಧೈರ್ಯವಾಗಿ ಬರೆದುಬಿಟ್ಟಳು. ಗಾನಶ್ರೀ ಮೇಡಂ ಸೊನ್ನೆ ಕೊಟ್ಟರು, ಆಮೇಲೆ ಪಾಪ ಎನಿಸಿ ಕೂರಿಸಿಕೊಂಡು ರೆಸೊನೆನ್ಸ್ ಎಂದರೇನೆಂದು ಬಿಡಿಸಿ ಹೇಳಿದರು.

ಹೊಸ ಜ್ಞಾನ ತಲೆಗೇರಿದ್ದೇ ತಡ, ಹುಡುಗಿಗೆ ಉಪಾಯ ಹೊಳೆಯಿತು. ಮರುದಿನ ಚಿಕ್ಕಪ್ಪ ವಿಷ್ಣುಪ್ರಸಾದ್ ಕಾರು ತಂದು ಅಜ್ಜಿಯನ್ನು ಆಲಂಕಾರಿಗೆ ಕರೆದೊಯ್ಯುವವರಿದ್ದರು. ಪರೀಕ್ಷೆ ಎದುರಿಗೇ ಇತ್ತು. ಬೆಳಗ್ಗೆ ಎಬ್ಬಿಸಿ, ಓದು ಮುಗಿಯುವವರೆಗೆ ಪಕ್ಕದಲ್ಲಿ ಕೂರುವ ಅಜ್ಜಿ ಇಲ್ಲದಿದ್ದರೆ ತನ್ನ ಕತೆ ಮುಗಿಯಿತೆಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

“ಅಜ್ಜೀ, ಪಾಳಿ ಅನ್ನುದೇ ತಪ್ಪಂತೆ. ನಾವು ಮೂರು ಚಿತ್ರ ಬಿಡಿಸುದು, ಒಂದೊಂದರಲ್ಲಿ ಒಂದೊಂದು ಆಕ್ಸಿಜನ್‌ಗೆ ಡಬಲ್ ಬಾಂಡ್. ಆದ್ರೆ ಅದು ಹಾಗೆ ತಿರುಗುದೇ ಇಲ್ಲ. ಆ ಬಾಂಡಿನ ಎಲೆಕ್ಟ್ರಾನ್ ಯಾವಾಗ್ಲೂ ಮೂರು ಕಡೆಯೂ ಹರಡಿಕೊಂಡೇ ಉಂಟು.”

“ಮತ್ತೆ ಮೂರು ಚಿತ್ರ ಎಂತಕ್ಕೆ, ಚಂದಕ್ಕಾ?”

“ಒಂದರಲ್ಲೇ ತೋರಿಸ್ಲಿಕ್ಕೆ ಆಗುದಿಲ್ಲ, ಅದಕ್ಕೆ. ಅಳೆದ್ರೆ ಮೂರು ಬಾಂಡೂ ಒಂದೇ ಉದ್ದ.”

“ನನ್ನ ಸೊಸೆಯಂದಿರು ಅಳೀಲಿಕ್ಕೆ ಹೊರಡದಿದ್ರೆ ಸಾಕು,” ಎಂದು ಅಜ್ಜಿ ಸೀರೆ ಮಡಚಿ ಚೀಲಕ್ಕೆ ತುರುಕಿದರು.

“ತಮಾಷೆ ಅಲ್ಲ. ಹಾಗೆ ಹರಡಿಕೊಂಡ್ರೇ ಗಟ್ಟಿಯಂತೆ. ಹಾಗಾಗಿ ನೀವು ಇನ್ನು ತಿರುಗುದು ಬೇಡ, ಇಲ್ಲಿಯೇ ಇರಿ.”

“ಇಲ್ಲಿಯೇ ಕೂತ್ರೆ ಒಂದೇ ಆಕ್ಸಿಜನ್‌ಗೆ ಅಂಟಿದ ಹಾಗಾಯ್ತಲ್ಲ ಮಾರಾಯ್ತಿ? ಪುನಃ ಸೊನ್ನೆ ನಿನಗೆ!”

ಮರುದಿನ ಅಜ್ಜಿ ಕಾರು ಹತ್ತಿದಾಗ ತನ್ಮಯೀ ಮುಖ ಊದಿಸಿಕೊಂಡು ಟಾಟಾ ಕೂಡ ಮಾಡಲಿಲ್ಲ. ಒಳಗೆ ಹೋಗಿ ಚೆನ್ನಾಗಿ ಅತ್ತಳು.

ಮಾರನೆಯ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಫೋನ್ ಬಡಿದುಕೊಂಡಿತು.

“ಇಚಿಲಂಪಾಡಿಯ ನಿನ್ನ ಅಣ್ಣನನ್ನು ಫೋನ್ ಮಾಡಿ ಎಬ್ಬಿಸಿ ಆಯ್ತು, ಇಲ್ಲಿ ಚಿಕ್ಕಪ್ಪನೂ ಎದ್ದಾಯ್ತು. ನೀನು ಎಂತ, ಇನ್ನೂ ಬಿದ್ದುಕೊಂಡಿದ್ದೀಯಾ? ಮುಖ ತೊಳ್ಕೊಂಡು ಬಾ. ಫೋನ್ ಕಟ್ ಮಾಡ್ಬೇಡ, ಪುಸ್ತಕದ ಹತ್ತಿರ ಇಡು. ನೀನು ಓದು, ನಾನು ಇಲ್ಲಿ ಅಲಸಂಡೆ ಕತ್ತರಿಸ್ತಾ ಕೂತಿರ್ತೇನೆ.”

ತನ್ಮಯೀ ಹಾಗೆಯೇ ಮಾಡಿದಳು. ಪುಟ ತಿರುಗಿಸುವುದು ನಿಂತರೆ ಸಾಕು, ಫೋನಿನಿಂದ ಒಂದು ಕೆಮ್ಮು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ.

“ಅಜ್ಜೀ, ನೀವು ಈಗ ನಿಜವಾಗಿ ಇರುದೆಲ್ಲಿ?”

“ಚಿತ್ರ ಬಿಡಿಸುದಾದ್ರೆ ನನ್ನನ್ನು ಆಲಂಕಾರಿನಲ್ಲಿ ಬಿಡಿಸು,” ಎಂದರು ಅಜ್ಜಿ. “ಈಗ ಓದು.”