ಕಣದಲ್ಲಿ ಹಾಸಿದ ಆಟ

ಮುದ್ದಿ ಮರದ ಆನೆಯನ್ನು ತಲೆಕೆಳಗು ಮಾಡಿ ನೋಡಿದಳು. ಹೊಟ್ಟೆಯಡಿ ತೂತಿಲ್ಲ, ತಿರುಪಿಲ್ಲ, ಮಿಣುಕುವ ದೀಪವಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಬರೀ ಮರ.

"ಅದ್ರೊಳಗೆ ಏನೂ ಇಲ್ಲ ಅಕ್ಕ," ಎಂದು ರಶ್ಮಿತಾ ನಕ್ಕಳು. "ಕಾಫಿ ಗಿಡದ ಬೇರು ಅದು. ನಾನೇ ಕೆತ್ತಿದ್ದು, ಅದಕ್ಕೇ ಸ್ವಲ್ಪ ಹಂದಿ ಥರ ಕಾಣುತ್ತೆ."

ಮೈಸೂರಿನ ಯಾವುದೋ ಕಾಲೇಜಿನಲ್ಲಿ ಆಟಿಕೆ ಮಾಡುವುದನ್ನೇ ಕಲಿಸುತ್ತಾಳಂತೆ ಈ ಹುಡುಗಿ. ಅಂಥ ಕಾಲೇಜೂ ಉಂಟೇ ಎಂದು ಕೂಲಿ ಲೈನಿನಲ್ಲಿ ನಿನ್ನೆಯಿಂದ ಅದೇ ಮಾತು. ಭಾನುವಾರದ ರಜೆ. ಕಾಫಿ ಒಣಗಿಸುವ ಕಣದ ಒಂದು ಮೂಲೆ ಗುಡಿಸಿ ಅವಳು ದೊಡ್ಡ ಬಟ್ಟೆ ಹಾಸಿದ್ದಳು. ಬಟ್ಟೆಯ ಮೇಲೆ ಬರೆದದ್ದು ಇವರದೇ ಎಸ್ಟೇಟ್: ಕೆರೆ, ಗೋದಾಮು, ಬಂಗಲೆ, ಕೆಳಗೆ ಕೂಲಿಯವರ ಲೈನ್‌ಮನೆಗಳು. ಮನೆಗಳ ಜಾಗದಲ್ಲಿ ಒಂದೊಂದು ಬೆಂಕಿಪೊಟ್ಟಣ. ಕವಡೆ ಹಾಕಿ, ಬಿದ್ದಷ್ಟು ಚೌಕ ಆನೆಯನ್ನು ನಡೆಸಬೇಕು. ಎತ್ತ ನಡೆಸಬೇಕು ಎಂಬುದು ಆಡುವವರಿಗೇ ಬಿಟ್ಟದ್ದು. ಯಾಕೆ ಅತ್ತ ಎಂದು ಮಾತ್ರ ಹೇಳಬೇಕು.

"ಗೆದ್ದವ್ರಿಗೆ ಏನು ಕೊಡ್ತೀರಿ ಮೇಡಂ?" ತುಳಸಿ ಕೇಳಿದಳು. ಮುದ್ದಿಯ ಪಕ್ಕದ ಮನೆಯವಳು, ನಾಲಿಗೆ ಸುಮ್ಮನಿಡದವಳು.

"ಇದ್ರಲ್ಲಿ ಗೆಲ್ಲೋದು ಸೋಲೋದು ಇಲ್ಲ. ಆಡ್ತಾ ಆಡ್ತಾ ಆನೆ ದಾರಿ ಗೊತ್ತಾಗುತ್ತೆ, ಅಷ್ಟೇ. ಫಾರಂ ಹಿಡ್ಕೊಂಡು ಕೇಳಿದ್ರೆ ಯಾರೂ ಹೇಳಲ್ಲ ನೋಡಿ."

ಆ ಕೊನೆಯ ಮಾತು ಮುದ್ದಿಗೆ ಚುಚ್ಚಿತು. ಕೇಳಿದರೆ ಹೇಳದ್ದನ್ನು ಆಡಿಸಿ ಹೊರಡಿಸುವುದು. ಅದೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದೀಶನ ಎದುರಿಗೆ. ರಜೆಯ ದಿನ ಕರೆದರೂ ಇತ್ತ ಸುಳಿಯದ ಮನುಷ್ಯ ಇವತ್ತು ಕುರ್ಚಿ ತರಿಸಿಕೊಂಡು ಕೂತಿದ್ದಾನೆ.

ಪಕ್ಕದ ಎಸ್ಟೇಟಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಆನೆ ಕಾಟ ಜಾಸ್ತಿ, ನಿಮ್ಮ ಜೀವಕ್ಕೇ ಒಳ್ಳೆಯದು ಅಂತ ಹೇಳಿ ಲೈನ್ ಖಾಲಿ ಮಾಡಿಸಿದರು. ಬೇಸಿಗೆ ಬರುವಷ್ಟರಲ್ಲಿ ಅಲ್ಲಿ ಟೂರಿಸ್ಟರ ಕಾಟೇಜು ಎದ್ದಿತ್ತು. ಟೂರಿಸ್ಟರ ಜೀವಕ್ಕೆ ಆನೆಯ ಭಯ ಇರಲಿಲ್ಲವೇನೋ. ಅದಕ್ಕೇ ಕಳೆದ ತಿಂಗಳು ಒಂಟಿ ಸಲಗ ಮುದ್ದಿಯ ಅಡುಗೆಮನೆ ಗೋಡೆ ಕೆಡವಿ ಅಕ್ಕಿ ಡಬ್ಬ ಎಳೆದುಕೊಂಡು ಹೋದಾಗ, ಲೈನಿನವರೆಲ್ಲ ಸೇರಿ ಗೋಡೆ ಎಬ್ಬಿಸಿ, ಸುಣ್ಣ ಬಳಿದು, ಆಫೀಸಿಗೆ ಸುದ್ದಿಯೇ ಮುಟ್ಟದಂತೆ ನೋಡಿಕೊಂಡಿದ್ದರು. ಈ ಮನೆ ಹೋದರೆ ಮುದ್ದಿಗೂ ಅವಳ ಗಂಡ ಸೋಮನಿಗೂ ತಲೆ ಮೇಲೆ ಬೇರೆ ಸೂರಿಲ್ಲ.

"ಆನೆಯನ್ನ ಯಾರೂ ಲೈನಿಗೆ ಇಳಿಸಬೇಡಿ," ಎಂದು ಅವಳು ರೈಟರನಿಗೆ ತಿಳಿಯದ ತಮ್ಮ ಮಾತಿನಲ್ಲಿ ಮೆಲ್ಲಗೆ ಅಂದಳು.

ಸೋಮ ಆನೆಯನ್ನು ಕೆರೆಯಾಚೆಗೆ ನಡೆಸಿದ. "ಅಲ್ಲಿ ಬಿದಿರು ಉಂಟು," ಎಂದ. ಆ ಬಿದಿರು ಹೂಬಿಟ್ಟು ಸತ್ತು ಎಷ್ಟೋ ಕಾಲವಾಗಿತ್ತು. ತುಳಸಿ ಸೀದಾ ಬಂಗಲೆಗೇ ಹೊಡೆದಳು.

"ಬಂಗಲೆಗೆ ಯಾಕಕ್ಕ?"

"ಸಾವ್ಕಾರ್ರ ಹತ್ರ ರಜೆ ಕೇಳೋಕೆ ಮೇಡಂ. ಅದಕ್ಕೂ ಸುಸ್ತಾಗಲ್ವಾ?"

ಕಣವೆಲ್ಲ ನಕ್ಕಿತು. ನಂದೀಶನೂ ನಕ್ಕ; ನಗುತ್ತಲೇ ಮೊಬೈಲಿನಲ್ಲಿ ಬಟ್ಟೆಯ ಫೋಟೋ ಹೊಡೆದುಕೊಂಡ. ಮುದ್ದಿಯ ನಗು ಅಲ್ಲಿಗೇ ನಿಂತಿತು.

ಎಷ್ಟು ಸುತ್ತಿದರೂ ಆನೆ ಬೆಂಕಿಪೊಟ್ಟಣಗಳ ಹತ್ತಿರ ಸುಳಿಯಲಿಲ್ಲ. ರಶ್ಮಿತಾ ಕವಡೆಗಳನ್ನು ಬಾಚಿಕೊಂಡಳು.

"ಬೇರೆ ಎಸ್ಟೇಟಲ್ಲೆಲ್ಲ ಆನೆ ಲೈನಿಗೇ ಬಂತು. ನೀವು ಪುಣ್ಯವಂತರು. ಸೋಲಾರ್ ಬೇಲಿ ಮೊದ್ಲು ಎಲ್ಲಿ ಹಾಕೋದು ಅಂತ ಫಾರೆಸ್ಟಿನವ್ರು ಈ ಆಟ ನೋಡ್ಬೇಕು ಅಂದಿದ್ದಾರೆ. ಇಲ್ಲಿಗೆ ಬೇಕಾಗಲ್ಲ ಅಂತೀನಿ."

ಸೋಮ ಹೆಂಡತಿಯ ಮುಖ ನೋಡಿದ. ಬೇಲಿ ಬಂದರೆ ಆನೆಯ ನೆಪವೇ ಇಲ್ಲ, ಲೈನ್ ಇದ್ದಲ್ಲೇ ಇರುತ್ತದೆ. ಆದರೆ ಈ ಬೇಲಿಯ ಮಾತೂ ಗಾಳವೇ ಆಗಿದ್ದರೆ? ಬಾಯಿ ಬಿಡಿಸುವುದಕ್ಕೆ ಬೆಲ್ಲ ತೋರಿಸಿದವರನ್ನು ಮುದ್ದಿ ಬೇಕಾದಷ್ಟು ಕಂಡಿದ್ದಳು.

ಅಷ್ಟರಲ್ಲಿ ನಂದೀಶನ ಫೋನ್ ಹೊಡೆದುಕೊಂಡಿತು. "ಸಾರ್, ಕೇಳ್ತಿಲ್ಲ ಸಾರ್," ಎನ್ನುತ್ತ ಅವನು ಸಿಗ್ನಲ್ ಹುಡುಕಿಕೊಂಡು ಗೋದಾಮಿನ ಹಿಂದಕ್ಕೆ ಹೋದ.

"ನಂದೊಂದು ಆಟ ಬಾಕಿ ಉಂಟು," ಎಂದಳು ಮುದ್ದಿ.

ಕವಡೆ ಹಾಕಲಿಲ್ಲ. ಆನೆಯನ್ನೆತ್ತಿ ಕಾಡಿನ ಅಂಚಿನಲ್ಲಿಟ್ಟಳು. ನೀರಿನ ತೋಡಿನ ಪಕ್ಕ ಇಳಿಸಿದಳು, ಹಲಸಿನ ಮರದಡಿ ಚೂರು ನಿಲ್ಲಿಸಿದಳು, ಆಮೇಲೆ ಲೈನಿನ ಬೆನ್ನಿಗೇ ನಡೆಸಿಕೊಂಡು ಹೋಗಿ ತನ್ನ ಮನೆಯ ಜಾಗದಲ್ಲಿದ್ದ ಕೊನೆಯ ಬೆಂಕಿಪೊಟ್ಟಣಕ್ಕೆ ಅದರ ಹಣೆ ಒತ್ತಿದಳು. ಪೊಟ್ಟಣದ ಖಾನೆ ಅರ್ಧ ಹೊರಗೆ ಬಂತು.

ರಶ್ಮಿತಾ ಬಗ್ಗಿ ನೋಡಿದಳು. "ಯಾವಾಗಕ್ಕ ಇದು?"

"ನಾನೇನೂ ಹೇಳ್ಲಿಲ್ಲ ಮೇಡಂ. ಆಡಿದೆ, ಅಷ್ಟೇ."

ಕಣದ ಮೇಲೆ ಬೂಟಿನ ಸದ್ದು. "ಏನು, ಮುಗೀತಾ?" ನಂದೀಶ ಫೋನನ್ನು ಜೇಬಿಗಿಳಿಸುತ್ತ ಬಂದ. "ಸಾವ್ಕಾರ್ರೇ ಫೋನ್ ಮಾಡಿದ್ದು. ಆನೆ ಲೈನ್ ಕಡೆ ಏನಾದ್ರೂ ಇಳೀತಾ ಅಂತ ಕೇಳಿದ್ರು."

ಸೋಮನ ಕೈ ಆನೆಯ ಕಡೆಗೆ ಚಾಚಿ ಅರ್ಧಕ್ಕೇ ನಿಂತಿತು.

"ಅಯ್ಯೋ, ಕಾಲು ಜೋಮು ಹಿಡೀತು ಸಾರ್," ಎಂದು ರಶ್ಮಿತಾ ಕೂತಲ್ಲೇ ಸರಿದು ಕಾಲು ಚಾಚಿದಳು. ಅವಳ ಅಗಲದ ಲಂಗ ಕೆರೆಯಿಂದ ಹಿಡಿದು ಲೈನಿನವರೆಗೂ ಹರಡಿ ಆನೆಯನ್ನೂ ಮುಚ್ಚಿಕೊಂಡಿತು. ಮುದ್ದಿ ಅವಳ ಮುಖವನ್ನೇ ನೋಡಿದಳು. ಅವಳು ಯಾರನ್ನೂ ನೋಡದೆ, ತಲೆ ತಗ್ಗಿಸಿ ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ಲಂಗದ ಅಡಿಯಲ್ಲಿ ಎಲ್ಲೋ ಒಂದು ಬೆಂಕಿಪೊಟ್ಟಣ ಮೆಲ್ಲಗೆ ಅಪ್ಪಚ್ಚಿಯಾದ ಸದ್ದಾಯಿತು.