ಮಗಳ ಕೈಯ ನೀರು

ತರೀಕೆರೆಯ ಎಕ್ಸ್-ರೇ ಕೋಣೆಯಲ್ಲಿ ತೀರ್ಥಮ್ಮ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ತೆಗಿಯಲ್ಲ ಅಂದ್ರೆ ತೆಗಿಯಲ್ಲ" ಎಂದು ಕೆಮ್ಮುತ್ತ ಕೂತಿದ್ದಳು. ಕರಡಿಗೆಯೊಳಗೆ ಇಷ್ಟಲಿಂಗ. ಅದು ಮೈ ಬಿಟ್ಟರೆ ಪ್ರಾಣ ಬಿಟ್ಟಂತೆ ಎಂಬುದು ಅವಳ ನಂಬಿಕೆ. ಬೆಳ್ಳಿ ಅಡ್ಡವಿದ್ದರೆ ಚಿತ್ರ ಸರಿಯಾಗಿ ಬರುವುದಿಲ್ಲ, ಚಿತ್ರ ನೋಡದೆ ಡಾಕ್ಟರು ಔಷಧಿ ಬರೆಯುವುದಿಲ್ಲ. ಬೆಳಿಗ್ಗೆ ಕಫದಲ್ಲಿ ರಕ್ತ ಬಂದಿತ್ತು. ಮಗಳು ಯಶೋದಾ ಪಕ್ಕದಲ್ಲಿ ನಿಂತು ಕುದಿಯುತ್ತಿದ್ದಳು.

ಯಶೋದಾಗೂ ಆ ಲಿಂಗಕ್ಕೂ ಎಣ್ಣೆ ಸೀಗೇಕಾಯಿ. ಕಾಲೇಜಿಗೆ ಹೋದ ಕಾಲಕ್ಕೇ ತನ್ನದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು, "ದೇವ್ರು ಡಬ್ಬಿಯೊಳಗೆ ಯಾಕೆ ಕೂತಿರ್ತಾನೆ?" ಎಂದು ಕೇಳಿದವಳು. ಅವತ್ತಿನಿಂದ ತೀರ್ಥಮ್ಮ ಮಗಳ ಕೈಯಿಂದ ನೀರು ಮುಟ್ಟಿಲ್ಲ. ಲಿಂಗವಿಲ್ಲದವರ ಕೈನೀರು ಅವಳಿಗಾಗದು. ಹೆತ್ತ ಮಗಳಾದರೂ ಅಷ್ಟೇ! ಬುಕ್ಕಾಂಬುಧಿಯ ಅವರ ಮನೆಯಲ್ಲಿ ಹಬ್ಬ ತಪ್ಪಿದರೂ ಈ ಜಗಳ ತಪ್ಪುತ್ತಿರಲಿಲ್ಲ.

ಎಕ್ಸ್-ರೇ ತೆಗೆಯುವವನ ತಾಳ್ಮೆ ಮುಗಿಯಿತು. "ಏನಜ್ಜಿ ನಿಂದು, ಒಂದು ಕಲ್ಲಿಗೆ ಇಷ್ಟು ನಾಟ್ಕ! ಬಿಚ್ತೀಯೋ, ನಾನೇ ಕತ್ತರಿಸ್ಲೋ?" ಎಂದು ಕತ್ತರಿ ಹಿಡಿದು ಅವಳ ಕೊರಳಲ್ಲಿ ಕರಡಿಗೆ ಕಟ್ಟಿದ್ದ ಶಿವದಾರಕ್ಕೆ ಕೈ ಹಾಕಿದ. ತೀರ್ಥಮ್ಮ ಚೀರಿದಳು.

ಯಶೋದಾ ಅವನ ಕೈಗೆ ಪಟ್ಟನೆ ಹೊಡೆದಳು. "ಏನಯ್ಯಾ, ಹಳ್ಳಿ ಮುದುಕಿ ಅಂತ ಸದರಾನಾ?"

"ಓದ್ದೋರು ನೀವೂ ಇದನ್ನೆಲ್ಲಾ ನಂಬ್ತೀರಾ ಮೇಡಂ?"

"ನಂಬಲ್ಲ ಕಣಯ್ಯಾ, ಒಂದು ಚೂರೂ ನಂಬಲ್ಲ! ಅದು ನಂಗೂ ಅವಳಿಗೂ ಇರೋ ಜಗಳ. ಇಷ್ಟು ವರ್ಷ ಬಾಯಿಗೆ ಬಂದಂಗೆ ಬೈದಿದೀನಿ, ಒಂದಿನ ಆ ದಾರ ಮುಟ್ಟಿಲ್ಲ. ನೀನ್ಯಾವ ದೊಣ್ಣೆ ನಾಯಕ?"

ಹೊರಗೆ ಕೂತಿದ್ದವರೆಲ್ಲ ಬಾಗಿಲಿಗೆ ಬಂದರು. ಯಶೋದಾ ಅದೇ ಸಿಟ್ಟಿನಲ್ಲಿ ಅವ್ವನ ಕಡೆ ತಿರುಗಿದಳು. "ನೀನೂ ಒಬ್ಳು! ದಿನಾ ಪೂಜೆಗೆ ಎಡಗೈಲಿ ಇಟ್ಕೊಳ್ಳಲ್ವಾ? ಹಂಗೇ ಇಟ್ಕೊಂಡು ಕೈ ಪಕ್ಕಕ್ಕೆ ಚಾಚು. ಮೈ ಬಿಟ್ಟಂಗೂ ಆಗಲ್ಲ, ಎದೆಗೆ ಅಡ್ಡಾನೂ ಬರಲ್ಲ."

ತೀರ್ಥಮ್ಮ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಬರಿದಾದ ಕರಡಿಗೆಯನ್ನು ಯಶೋದಾಳ ಕೈಗೆ ಕೊಟ್ಟಳು. ಚಿತ್ರ ಚೆನ್ನಾಗಿಯೇ ಬಂತು.

ಹೊರಗೆ ಬೆಂಚಿನ ಮೇಲೆ ಕೂತಾಗ ಅವ್ವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಯಶೋದಾ ಲೋಟಕ್ಕೆ ನೀರು ಬಗ್ಗಿಸಿ ಹಿಡಿದಳು. ತೀರ್ಥಮ್ಮ ಬೇಡವೆಂದು ತಲೆಯಾಡಿಸಿದಳು.

"ಈಗ್ಲೂನಾ? ನಿನ್ನ ಲಿಂಗಕ್ಕೋಸ್ಕರ ಊರಿಗೆಲ್ಲಾ ಕೇಳೋ ಹಂಗೆ ಕಿರುಚಿದೀನಿ!"

"ಕಿರುಚಿದ್ದು ಸರಿ. ಕಟ್ಕೋತೀಯಾ?"

"ಕಟ್ಕೊಳ್ಳಲ್ಲ."

"ನಾನೂ ಕುಡಿಯಲ್ಲ."

ಯಶೋದಾಳಿಗೆ ಲೋಟವನ್ನು ಎತ್ತಿ ಗೋಡೆಗೆ ಬಡಿಯಬೇಕೆನ್ನಿಸಿತು. ಅವ್ವ ಮತ್ತೆ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಯಶೋದಾ ಹಲ್ಲು ಕಚ್ಚಿಕೊಂಡು, ಎದುರು ವಿಭೂತಿ ಹಚ್ಚಿ ಕೂತಿದ್ದ ಹೆಂಗಸಿನ ಹತ್ತಿರ ಹೋದಳು.

"ಅಮ್ಮಾ, ಲಿಂಗ ಕಟ್ಕೊಂಡಿದೀರಾ? ಆ ನಲ್ಲೀಲಿ ನೀವೇ ಹಿಡ್ದು ನಮ್ಮವ್ವಂಗೆ ಒಂದು ಲೋಟ ನೀರು ಕೊಡಿ. ನನ್ನ ಕೈದು ಅವಳು ಕುಡಿಯಲ್ಲ."

ಹೆಂಗಸು ತಾಯಿ ಮಗಳಿಬ್ಬರನ್ನೂ ನೋಡಿ, ಎದ್ದು ತನ್ನ ಲೋಟದಲ್ಲಿ ನೀರು ಹಿಡಿದು ತಂದುಕೊಟ್ಟಳು.

ತೀರ್ಥಮ್ಮ ಅರ್ಧ ಲೋಟ ನೀರನ್ನು ಎತ್ತಿ ಕುಡಿದಳು. ಉಳಿದದ್ದನ್ನು ಮಗಳ ಕಡೆ ಚಾಚಿದಳು.

"ತಗೋ. ಕಿರುಚಿ ಕಿರುಚಿ ಗಂಟ್ಲು ಒಣಗಿರ್ತದೆ. ನನ್ನ ಕೈದು ನಿಂಗೆ ಆಗುತ್ತಲ್ಲ?"

ಯಶೋದಾ ಲೋಟ ಕಿತ್ತುಕೊಂಡು, ಸಿಟ್ಟಿನಲ್ಲೇ ಅಷ್ಟನ್ನೂ ಕುಡಿದಳು.