ಬಿಸಿ ಇದೆಯಾ, ಅಕ್ಕ?

ಆ ವರ್ಕ್‌ಶಾಪಿನಲ್ಲಿ ಅವಳ ಹೆಸರು ಎಲ್ಲರ ಬಾಯಿಗೆ ಬರುವ ಮೊದಲೇ ಅಡ್ಡಹೆಸರು ಬಂದುಬಿಟ್ಟಿತು. ಕೆಲಸಕ್ಕೆ ಸೇರಿದ ದಿನ ಮಧ್ಯಾಹ್ನದ ಊಟದೊಳಗೆ ಮೇಸ್ತ್ರಿಗೆ ಮೂವತ್ತು ಪ್ರಶ್ನೆ ಕೇಳಿದ್ದಳು. ಆತ ತಲೆ ಚಚ್ಚಿಕೊಂಡು 'ಪ್ರಶ್ನೆಪತ್ರಿಕೆ' ಎಂದ, ಅದೇ ನಿಂತಿತು. ನಲವತ್ತು ದಾಟಿದ ಹೆಂಗಸು, ಮನೆಯಲ್ಲಿ ಎದೆಯೆತ್ತರ ಬೆಳೆದ ಮಗಳಿದ್ದಾಳೆ, ಆದರೂ ಬಾಯಿ ಮುಚ್ಚಿಕೊಂಡು ಒಂದು ಸ್ಕ್ರೂ ತಿರುಗಿಸಲಿ ನೋಡೋಣ. ಈ ಸ್ಕ್ರೂ ಯಾಕೆ ಹಿತ್ತಾಳೆಯದು, ಪಕ್ಕದ್ದು ಯಾಕೆ ಉಕ್ಕಿನದು ಎಂದು ಶುರುವಾಗಿಬಿಡುತ್ತದೆ.

ಅಲ್ಲಿ ಮಾಡುತ್ತಿದ್ದುದು ಕ್ಯಾಲಿಪರ್. ನರ ಸೋತು ಪಾದ ಜೋತುಬಿದ್ದವರು ನಡೆಯುವಾಗ ಬೆರಳು ನೆಲಕ್ಕೆ ತಾಗಿ ಎಡವಿ ಬೀಳುತ್ತಾರಲ್ಲ, ಅವರಿಗೆ ಮೊಣಕಾಲ ಕೆಳಗಿನಿಂದ ಅಂಗಾಲಿನವರೆಗೆ ಆಸರೆಯಾಗುವ ಪ್ಲಾಸ್ಟಿಕ್ಕಿನ ಅಚ್ಚು ಅದು. ಮುಂದಿನ ಕೋಣೆಯಲ್ಲಿ ಬೆಂಚು, ಪಟ್ಟಿ, ಅಂಟಿನ ಡಬ್ಬಿ. ಹಿಂದಿನ ಕೋಣೆಯಲ್ಲಿ ಪ್ಲಾಸ್ಟರಿನ ತೊಟ್ಟಿ, ಗೋಡೆಗೆ ಒರಗಿ ಸಾಲಾಗಿ ನಿಂತ ಬಿಳಿಯ ಕಾಲುಗಳು. ಅಚ್ಚು ಎಲ್ಲಾದರೂ ಒತ್ತಿದರೆ ಹೀಟ್ ಗನ್ನಿನಿಂದ ಆ ಜಾಗವನ್ನಷ್ಟೇ ಕಾಯಿಸಿ, ಮೆತ್ತಗಾದಾಗ ಹೊರಕ್ಕೆ ಉಬ್ಬಿಸಬೇಕು.

ಪ್ರಶ್ನೆಪತ್ರಿಕೆ ಮೊದಲು ಹದಿನಾಲ್ಕು ವರ್ಷ ಕೂದಲು ಕತ್ತರಿಸುವ ಅಂಗಡಿಯಲ್ಲಿ ದುಡಿದವಳು. ಗನ್ ಕೈಗೆ ಬಂದ ದಿನ, ಇದು ನಮ್ಮ ಕೂದಲು ಒಣಗಿಸೋ ಮೆಷಿನ್ನಿನ ದೊಡ್ಡಣ್ಣ ಎಂದು ನಕ್ಕಳು. ಮೇಸ್ತ್ರಿ ನಗಲಿಲ್ಲ. ಒಂದು ಮರದ ಚಕ್ಕೆ ತೆಗೆದು ಗನ್ನಿನ ಬಾಯಿಗೆ ಹಿಡಿದ. ನೋಡನೋಡುತ್ತಿದ್ದಂತೆ ಚಕ್ಕೆ ಕಪ್ಪಾಗಿ ಹೊಗೆಯಾಡಿತು. ಉರಿಯೇ ಕಾಣುವುದಿಲ್ಲ, ಬರೀ ಗಾಳಿ ಅಂತ ಮನಸ್ಸು ನಂಬುತ್ತದೆ, ಅದೇ ಇದರ ಮೋಸ ಎಂದು ಹೇಳಿದ. ಆಮೇಲೆ ಅವಳಿಗೆ ಹಬ್ಬವೋ ಹಬ್ಬ. ಅಂಟಿನ ಡಬ್ಬಿ ಯಾಕೆ ಆ ಮೂಲೆಗೆ ಹೋಗಬೇಕು? ಅದರ ಆವಿಗೆ ಬೆಂಕಿ ಹತ್ತುತ್ತದೆ. ಗನ್ನನ್ನು ಒಂದೇ ಕಡೆ ಯಾಕೆ ಹಿಡಿಯಬಾರದು? ಪ್ಲಾಸ್ಟಿಕ್ ಸೀದು ವಿಷದ ಹೊಗೆ ಬರುತ್ತದೆ. ಆರಿಸುವ ಮೊದಲು ತಣ್ಣನೆ ಗಾಳಿ ಯಾಕೆ ಬಿಡಬೇಕು? ಒಳಗಿನ ಸುರುಳಿ ತನ್ನ ಕಾವಿಗೆ ತಾನೇ ಸುಟ್ಟುಹೋಗುತ್ತದೆ. ಸ್ಟ್ಯಾಂಡಿನ ಮೇಲೇ ಯಾಕೆ ಇಡಬೇಕು ಎಂದು ಕೇಳಿದ್ದಕ್ಕೆ ಮೇಸ್ತ್ರಿ ಬೆಂಚಿನ ಅಂಚಿನಲ್ಲಿದ್ದ ಸುಟ್ಟ ಗುರುತು ತೋರಿಸಿ, ಅದು ನನ್ನದೇ ಸಾಧನೆ ಎಂದ.

ಕೊನೆಯ ನಿಯಮ ಒಂದಿತ್ತು. ಕಾಯಿಸಿದ ಕ್ಯಾಲಿಪರನ್ನು ಕಾಲಿಗೆ ತೊಡಿಸುವ ಮೊದಲು ಮೆಲ್ಲಗೆ ತಾಗಿಸಿ, 'ಬಿಸಿ ಇದೆಯಾ?' ಎಂದು ಮೂರು ಸಲ ಕೇಳಬೇಕು. ಮೇಸ್ತ್ರಿ ಇಪ್ಪತ್ತೆರಡು ವರ್ಷದಿಂದ ಹಾಗೇ ಕೇಳುತ್ತ ಬಂದವನು. ಇದೊಂದಕ್ಕೆ ಮಾತ್ರ ಅವಳು ಯಾಕೆ ಎನ್ನಲಿಲ್ಲ. ಕೇಳುವುದೇನಿದೆ, ಸುಟ್ಟರೆ ಸುಟ್ಟವರಿಗೇ ತಾನೇ ಗೊತ್ತಾಗುವುದು?

ಒಂದು ಬೆಳಗ್ಗೆ ಹನ್ನೊಂದಕ್ಕೆ ಅಂಚೆಯಕ್ಕ ಬಂದಳು. ಮನೆಮನೆಗೆ ಕಾಗದ ಹಂಚುವ ಕೆಲಸದವಳು, ಐವತ್ತರ ಆಸುಪಾಸು. ಬೆನ್ನಿನ ಆಪರೇಷನ್ ಆದ ಮೇಲೆ ಬಲಪಾದ ಎತ್ತಲಾಗದೆ ಎಂಟು ತಿಂಗಳಿಂದ ಆಫೀಸಿನೊಳಗೆ ಕೂತು ಕಾಗದ ವಿಂಗಡಿಸುತ್ತಿದ್ದಳು. ಅವತ್ತು ಮೂರು ಗಂಟೆಗೆ ಇಲಾಖೆಯ ಡಾಕ್ಟರ ಮುಂದೆ ಚೀಲ ಹೆಗಲಿಗೇರಿಸಿಕೊಂಡು ನಡೆದು ತೋರಿಸಬೇಕು. ಪಾಸಾದರೆ ಅವಳ ಬೀದಿಗಳು ಅವಳಿಗೆ ವಾಪಸ್ಸು, ಇಲ್ಲವಾದರೆ ಸಾಯುವವರೆಗೂ ಅದೇ ಕುರ್ಚಿ. ಆ ಕುರ್ಚಿಯ ಬಗ್ಗೆ ಅವಳು ಆಡಿದ ಮಾತು ಕೇಳಿದರೆ ಕುರ್ಚಿಯೇ ನಾಚಿಕೊಳ್ಳಬೇಕು.

ಹೋದ ವಾರ ಮೇಸ್ತ್ರಿ ಹರಡಿನ, ಅಂದರೆ ಪಾದದ ಗಂಟಿನ, ಮೂಳೆಯ ಹತ್ತಿರ ಚರ್ಮ ಕೆಂಪಾದದ್ದನ್ನು ನೋಡಿ ಅಚ್ಚಿನ ಮೇಲೆ ಗುರುತು ಹಾಕಿದ್ದ. ಈಗ ಅಲ್ಲಿ ಉಬ್ಬಿಸಬೇಕು. ಆತ ಹಿಂದಿನ ಕೋಣೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರಿನಲ್ಲಿ ಮುಳುಗಿದ್ದ, ನೀನೇ ಮಾಡು ಎಂದು ಅಲ್ಲಿಂದಲೇ ಹೇಳಿದ. ಪ್ರಶ್ನೆಪತ್ರಿಕೆಗೆ ಖುಷಿಯೂ ಆಯಿತು, ಅಳುಕೂ ಆಯಿತು. ಕನ್ನಡಕ ಏರಿಸಿ, ತೋಳು ಮಡಚಿ, ಗನ್ನನ್ನು ಆಡಿಸುತ್ತ ಕಾಯಿಸಿದಳು. ಪ್ಲಾಸ್ಟಿಕ್ ಮಿರುಗಿ ಮೆತ್ತಗಾದಾಗ ಮರದ ಗುಂಡಿನಿಂದ ಒಳಗಿನಿಂದ ಒತ್ತಿ ಉಬ್ಬಿಸಿದಳು. ಗನ್ ಸ್ಟ್ಯಾಂಡಿಗೆ ಹೋಯಿತು. ಅಚ್ಚಿನ ಹೊರಮೈಗೆ ಒದ್ದೆ ಬಟ್ಟೆ ಒತ್ತಿ ಮುಟ್ಟಿ ನೋಡಿದಳು. ತಣ್ಣಗಿತ್ತು.

ಅಂಚೆಯಕ್ಕ ತೆಳ್ಳನೆ ಕಾಲುಚೀಲದ ಕಾಲು ಚಾಚಿದಳು. ಪ್ರಶ್ನೆಪತ್ರಿಕೆ ಅಚ್ಚನ್ನು ಹತ್ತಿರ ತಂದು, ಬಿಸಿ ಇದೆಯಾ ಅಕ್ಕ ಎಂದು ಕೇಳಿದಳು.

"ಇಲ್ಲ ತಂಗಿ, ಚೆನ್ನಾಗಿದೆ."

ಪ್ರಶ್ನೆಪತ್ರಿಕೆಯ ಕೈ ಅಲ್ಲೇ ನಿಂತಿತು. ಅಚ್ಚು ಇನ್ನೂ ಕಾಲಿಗೆ ತಾಗಿರಲಿಲ್ಲ. ಮಧ್ಯೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ತಾಗದೆ ಇದ್ದದ್ದು ಚೆನ್ನಾಗಿದೆ ಎಂದು ಹೇಗೆ ಗೊತ್ತಾಯಿತು? ಬೇರೆ ಯಾರಾದರೂ ಆಗಿದ್ದರೆ, ಪಾಪ ಅವಸರದಲ್ಲಿದ್ದಾಳೆ ಎಂದುಕೊಂಡು ಪಟ್ಟಿ ಬಿಗಿಯುತ್ತಿದ್ದರು. ಇವಳಿಗೆ ಅದು ಹಲ್ಲಿಗೆ ಸಿಕ್ಕಿದ ನಾರಿನಂತೆ ಬಿಡಲಿಲ್ಲ. ತನ್ನ ಮಣಿಕಟ್ಟನ್ನು ಅಚ್ಚಿನ ಒಳಗೆ ಹಾಕಿ ಒತ್ತಿದಳು. ಚುರ್ ಎಂದಿತು. ಹೊರಗಿನ ಪ್ಲಾಸ್ಟಿಕ್ ಆರಿದ್ದರೂ ಒಳಗೆ ಅಂಟಿಸಿದ ಫೋಮ್ ಕಾವನ್ನೆಲ್ಲ ಕುಡಿದು ಕೂತಿತ್ತು.

ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಬಂದಳು. ಅಕ್ಕ, ಒಂದು ಆಟ ಆಡೋಣ, ಕಣ್ಣು ಮುಚ್ಚಿಕೊಳ್ಳಿ, ನಾನು ಯಾವ ಬೆರಳು ಮುಟ್ಟಿದೆ ಹೇಳಿ ಎಂದಳು. ಅಂಚೆಯಕ್ಕ ಹೊತ್ತಾಯ್ತು ಎಂದು ಗೊಣಗುತ್ತಲೇ ಕಣ್ಣು ಮುಚ್ಚಿದಳು. ಕಿರುಬೆರಳು ಒತ್ತಿದರೆ ಹೆಬ್ಬೆರಳು ಎಂದಳು. ಹೆಬ್ಬೆರಳು ಒತ್ತಿದರೆ ನಡುವಿನದು ಎಂದಳು. ಮೂರನೆಯ ಸಲ ಪ್ರಶ್ನೆಪತ್ರಿಕೆ ಎರಡೂ ಕೈ ತನ್ನ ಮಡಿಲಲ್ಲಿಟ್ಟುಕೊಂಡು, ಈಗ, ಎಂದು ಕೇಳಿದಳು.

"ಈಗ ಕಿರುಬೆರಳು. ಸರಿಯಾಗಿ ಗೊತ್ತಾಯ್ತು."

ಪ್ರಶ್ನೆಪತ್ರಿಕೆ ಕೈಗಳನ್ನು ಮಡಿಲಿನಿಂದ ಎತ್ತಲಿಲ್ಲ. ಕಣ್ಣು ಬಿಡಿ ಅಕ್ಕ ಎಂದಳು. ಅಂಚೆಯಕ್ಕ ಕಣ್ಣು ಬಿಟ್ಟು, ಮಡಿಲಲ್ಲಿದ್ದ ಕೈಗಳನ್ನು ನೋಡಿ, ಮುಖ ಆ ಕಡೆ ತಿರುಗಿಸಿದಳು.

ಆಮೇಲೆ ಒಂದೊಂದಾಗಿ ಹೊರಬಂತು. ಆಪರೇಷನ್ ಆದಾಗಿನಿಂದ ಹರಡಿನ ಕೆಳಗೆ ಏನೂ ಗೊತ್ತಾಗುವುದಿಲ್ಲ. ಹೇಳಿದರೆ ಬೀದಿಗೆ ಬಿಡುವುದಿಲ್ಲ ಎಂಬ ಭಯಕ್ಕೆ ಆಸ್ಪತ್ರೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅಲ್ಲಿಂದ ವರ್ಕ್‌ಶಾಪಿಗೆ ಬಂದಿದ್ದ ಅವಳ ಕಾರ್ಡಿನಲ್ಲಿ ಪಾದದ ಬಲ ಕಡಿಮೆ ಎಂದಷ್ಟೇ ಇತ್ತು. ಮತ್ತೆ ಕೇಳಿದ್ದಕ್ಕೆಲ್ಲ ಹೇಗೆ ಉತ್ತರ ಕೊಡುತ್ತಿದ್ದಿರಿ ಎಂದು ಪ್ರಶ್ನೆಪತ್ರಿಕೆ ಕೇಳಿದಳು. ಸಿಟ್ಟಿನಿಂದಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಕೇಳೋರ ಮುಖದಲ್ಲೇ ಉತ್ತರ ಇರುತ್ತಲ್ಲಮ್ಮ. ನೋವಾಗಲ್ಲ ಅಲ್ವಾ ಅಂತಲೇ ಎಲ್ಲರೂ ಕೇಳೋದು. ನಾನು ಇಲ್ಲ ಅಂತೀನಿ, ಅವರಿಗೂ ಸಮಾಧಾನ."

ಬಾಗಿಲಲ್ಲಿ ಮೇಸ್ತ್ರಿ ಪ್ಲಾಸ್ಟರ್ ತೊಟ್ಟಿಕ್ಕುವ ಕೈಗಳನ್ನು ಮೇಲೆತ್ತಿಕೊಂಡು ನಿಂತಿದ್ದ. ಹೋದ ವಾರ ತೊಡಿಸಿ ನೋಡುವಾಗ ಆತನೂ ಮೂರು ಸಲ ಕೇಳಿದ್ದ, ಅಂಚೆಯಕ್ಕ ಮೂರು ಸಲವೂ ಇಲ್ಲ ಎಂದಿದ್ದಳು. ಆತ ಸ್ಟೂಲಿನ ಮೇಲೆ ಕುಸಿದು ಕೂತು, ಕಾರ್ಡಿನಲ್ಲಿ ಬರಿ ಎಂದು ಸನ್ನೆ ಮಾಡಿದ. ಅಂಚೆಯಕ್ಕ ಪ್ರಶ್ನೆಪತ್ರಿಕೆಯ ಕೈ ಹಿಡಿದುಕೊಂಡಳು.

"ಇವತ್ತೊಂದು ದಿನ ಬೇಡ ತಂಗಿ. ನಿನ್ನ ಕಾಲಿಗೆ ಬೀಳ್ತೀನಿ. ಸುಟ್ಟಿಲ್ಲವಲ್ಲ, ಏನೂ ಆಗಿಲ್ಲವಲ್ಲ."

ಪ್ರಶ್ನೆಪತ್ರಿಕೆಗೆ ಅಯ್ಯೋ ಎನಿಸಿತು. ಬರೆದರೆ ಈ ಹೆಂಗಸಿನ ಬೀದಿಗಳನ್ನು ಕಿತ್ತುಕೊಂಡಂತೆ. ಬರೆಯದಿದ್ದರೆ ನಾಳೆ ಇನ್ನೊಬ್ಬರು ಬಿಸಿ ಇದೆಯಾ ಎಂದು ಕೇಳುತ್ತಾರೆ, ಇವಳು ಸುಡುತ್ತಿದ್ದರೂ ಇಲ್ಲ ಎನ್ನುತ್ತಾಳೆ. ಪೆನ್ನು ತೆಗೆಯಲೂ ಆಗದೆ, ಇಡಲೂ ಆಗದೆ, ಏನೂ ಆಗಿಲ್ಲ ಎಂಬುದನ್ನಾದರೂ ಒಮ್ಮೆ ನೋಡಿಬಿಡೋಣ ಎಂದು ಬಗ್ಗಿ ಕಾಲುಚೀಲ ಎಳೆದಳು. ಕಾಲುಚೀಲದ ಜೊತೆ ಏನೋ ಟಣ್ ಎಂದು ನೆಲಕ್ಕೆ ಬಿದ್ದು ಉರುಳಿತು.

ಅಂಗಿಯ ಗುಂಡಿ. ಪಾದ ತಿರುಗಿಸಿದರೆ ಅಂಗಾಲಿನ ದಪ್ಪಭಾಗದಲ್ಲಿ ಅದರ ದುಂಡು ಅಚ್ಚು ಆಳವಾಗಿ ಕೂತಿತ್ತು. ಒಂದು ಅಂಚಿನಲ್ಲಿ ಚರ್ಮ ಬಿಳಿಚಿಕೊಂಡು ಬಿರಿಯಲು ಶುರುವಾಗಿತ್ತು.

ಅಂಚೆಯಕ್ಕ ಗುಂಡಿಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಅವಳದೇ ಯೂನಿಫಾರ್ಮಿನದು. ಬೆಳಗ್ಗೆ ಅದಕ್ಕಾಗಿ ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದಳಂತೆ, ಮಗನಿಗೆ ಬೈದಿದ್ದಳಂತೆ, ಕೊನೆಗೆ ಬೇರೆ ಗುಂಡಿ ಹೊಲಿದುಕೊಂಡು ಹೊರಟಿದ್ದಳಂತೆ. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಇಲ್ಲಿಗೆ, ಎಲ್ಲ ನಡಿಗೆಯಲ್ಲೇ. ಆಮೇಲೆ ಎರಡೂ ಕೈಯಿಂದ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗಾಲನ್ನು ನೋಡಿದಳು. ಎಂಟು ತಿಂಗಳಲ್ಲಿ ಒಂದು ದಿನವೂ ಅದನ್ನು ತಿರುಗಿಸಿ ನೋಡಿರಲಿಲ್ಲ.

"ನಾಲ್ಕು ತೂತೂ ಮೂಡಿದೆ ನೋಡು," ಎಂದಳು.

ಪ್ರಶ್ನೆಪತ್ರಿಕೆ ಒಂದು ಶುಭ್ರ ಬಟ್ಟೆ ತಂದು ಬಿರಿದ ಚರ್ಮದ ಮೇಲೆ ಮೆಲ್ಲಗೆ ಇಟ್ಟಳು.

"ಬರಿ ತಂಗಿ. ದಪ್ಪ ಅಕ್ಷರದಲ್ಲಿ ಬರಿ," ಎಂದು ಅಂಚೆಯಕ್ಕ ಕಾರ್ಡನ್ನು ತಾನೇ ಅವಳ ಮುಂದಕ್ಕೆ ತಳ್ಳಿದಳು. "ಮೂರು ಗಂಟೆಗೆ ಡಾಕ್ಟರು ಕೇಳೋಕೆ ಮೊದಲು ನಾನೇ ಹೇಳ್ತೀನಿ."

ಹಾಗೆಂದು ಗುಂಡಿಯನ್ನು, ಅವರಿಗೆ ತೋರಿಸಲೆಂದು, ಜೇಬಿಗೆ ಹಾಕಿಕೊಂಡಳು.